ನಮ್ಮ ಮನೆಯ ಸೀಸೆ

ಮನೆಮಂದಿಯೆಲ್ಲರೂ ಕೈಗೆತ್ತಿಕೊಂಡು ಓದುವ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇ ಎಂದು ವಾಚಕ ಮಹಾಶಯರು ಹುಬ್ಬು ಗಂಟಿಕ್ಕಬಹುದು. ಅದು ಸಹಜವೇ ಸರಿ. ನಮ್ಮ ನಾಡಿನಲ್ಲಿ ಈ ವಸ್ತುವಿನ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವುದು ಬೀದಿಗೆ ಬಿದ್ದ ಸಂಸಾರ, ಒತ್ತೆ ಬಿದ್ದ ತಾಳಿ, ಶಾಲೆ ಬಿಟ್ಟ ಮಕ್ಕಳು. ಪಾನನಿರೋಧಕ್ಕೆ ಯತ್ನಿಸುವುದು ಸರ್ಕಾರದ ಕರ್ತವ್ಯವೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 47ನೆಯ ವಿಧಿಯಲ್ಲಿ ಹೇಳಿದೆ. ನಾವು ಅದಕ್ಕೆ ಎದುರು ವಾದ ಹೂಡುವವರಲ್ಲ. ಕುಡಿಯದವರು ಕುಡಿಯದೆಯೇ ಇರಲಿ; ಅದರಿಂದ ಅವರಿಗೆ ಯಾವ ನಷ್ಟವೂ ಇಲ್ಲ. ಆದರೆ ಅರುವತ್ತು ದಾಟಿದ ಮೇಲೆ ನಮಗೊಂದು ರುಚಿ ಹತ್ತಿತು. ಆ ರುಚಿಯು ವ್ಯಸನವಾಗದಂತೆ ನೋಡಿಕೊಳ್ಳುವ ಭಾರ ನಮಗಿಂತ ಹೆಚ್ಚಾಗಿ ನಮ್ಮ ಮನೆಯಾಕೆಯ ಮೇಲೆ ಬಿದ್ದಿತು. ರುಚಿಗೂ ವ್ಯಸನಕ್ಕೂ ನಡುವೆ ಇರುವ ಗೆರೆ ಎಲ್ಲಿದೆಯೆಂಬುದನ್ನು ನಾವಿಬ್ಬರೂ ಒಂದು ಸೀಸೆಯನ್ನು ಮುಂದಿಟ್ಟುಕೊಂಡು ಕಂಡುಕೊಂಡ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಅದುವರೆಗೆ ನಮಗೆ ವಿಸ್ಕಿಯ ಪರಿಚಯ ಇರಲಿಲ್ಲವೆಂದಲ್ಲ. ಕಚೇರಿಯ ಬೀಳ್ಕೊಡುಗೆಗಳಲ್ಲಿ ಸೋಡಾ ಬೆರಸಿ ಕೈಗೆ ಕೊಟ್ಟುದನ್ನು ಕಷಾಯದಂತೆ ನುಂಗಿ, ಮೇಲೆ ನಾಲ್ಕು ಖಾರದ ಕಡಲೆಬೀಜವನ್ನು ಬಾಯಿಗೆ ಹಾಕಿಕೊಂಡಿದ್ದುಂಟು. ಅದರಲ್ಲಿ ರುಚಿಯೆಂಬುದೊಂದು ಇದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳುವಂಥ ರುಚಿಯೂ ಅದರಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರುವ ಅಗ್ಗದ ಸರಕಿನಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರವಿರುತ್ತದೆಂಬುದನ್ನು ನಾವು ತಿಳಿದುದು ಬಹಳ ತಡವಾಗಿ.

2016ರಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣಕ್ಕೆ ಹೋದೆವು. ಮಗುವಿಗೆ ಐದು ತಿಂಗಳು ತುಂಬುತ್ತಲೂ ನಮ್ಮಾಕೆ ಊರಿನಿಂದ ಒಯ್ದಿದ್ದ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಸರಿಯ ಹಿಟ್ಟನ್ನು ಸಿದ್ಧಮಾಡಿದಳು. ಅದಾದ ಮುಂದಿನ ವಾರ ಅಳಿಯಂದಿರು, "ಮಾವನವರೇ, ಇಷ್ಟು ದೂರ ಬಂದು ಸ್ಪೇ ನದಿಯ ಕಣಿವೆಯನ್ನು ನೋಡದೆ ಹೋಗಬಾರದು" ಎಂದು ಎಲ್ಲರನ್ನೂ ಡಫ್‌ಟೌನ್ ಎಂಬ ಸಣ್ಣ ಊರಿಗೆ ಕರೆದುಕೊಂಡು ಹೋದರು. ಆ ಕಣಿವೆಯಲ್ಲಿ ಭಟ್ಟಿಮನೆಗಳು ನಮ್ಮ ಮಲೆನಾಡಿನ ಅಡಕೆಯ ಮಂಡಿಗಳಂತೆ ಹೆಜ್ಜೆಹೆಜ್ಜೆಗೂ ಇವೆ. ಸ್ಕಾಟ್ಲೆಂಡಿನ ಒಟ್ಟು ಭಟ್ಟಿಮನೆಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಅಲ್ಲಿಯೇ ನೆಲಸಿವೆ. ಮಗಳು ಮಗುವಿನೊಡನೆ ಊರೊಳಗೆ ಉಳಿದಳು. ನಾವು ಮೂವರೂ ಒಂದು ಭಟ್ಟಿಮನೆಯನ್ನು ಹೊಕ್ಕೆವು. ನಮ್ಮಾಕೆ ಬಂದುದು ಮಳೆಯಲ್ಲಿ ಹೊರಗೆ ನಿಲ್ಲಲಾರದೆ. ಮತ್ತಾವ ಕುತೂಹಲದಿಂದಲೂ ಅಲ್ಲ.

ಆ ಭಟ್ಟಿಮನೆಯಲ್ಲಿ ಹಳೆಯ ಪದ್ಧತಿಯಂತೆ ಇಂದಿಗೂ ನೆಲದ ಮೇಲೆಯೇ ಜವೆಗೋಧಿಗೆ ಮೊಳಕೆ ಬರಿಸುತ್ತಾರೆ. ಈಗ ಹೀಗೆ ಮಾಡುವವರು ಕೆಲವರೇ. ಉಳಿದವರು ಮೊಳಕೆಯ ಕಾಳನ್ನು ಹೊರಗಿನಿಂದ ಕೊಳ್ಳುತ್ತಾರೆ. ಉದ್ದನೆಯ ತಣ್ಣನೆಯ ಕೋಣೆ. ನೆನೆಸಿದ ಕಾಳನ್ನು ಕಣದಲ್ಲಿ ಹರಡಿದಂತೆ ನೆಲದ ತುಂಬ ಹರಡಿದ್ದಾರೆ. ಬೇರುಗಳು ಹೆಣೆದುಕೊಳ್ಳದಂತೆ ಆಳೊಬ್ಬನು ಮರದ ಸಲಿಕೆಯಿಂದ ತಿರುವಿ ಹಾಕುತ್ತಿದ್ದಾನೆ. ನಮ್ಮಾಕೆ ಬಗ್ಗಿ ನಾಲ್ಕು ಕಾಳನ್ನು ಅಂಗೈಗೆ ತೆಗೆದುಕೊಂಡು, ಹಿಸುಕಿ, ಮೂಸಿ ನೋಡಿ, "ಇದು ನಮ್ಮ ಪಾಪುವಿನ ರಾಗಿ ಸರಿಯೇ ಅಲ್ಲವೆ? ಇನ್ನು ಒಣಗಿಸಿ ಹುರಿದರಾಯಿತು" ಎಂದಳು. ಅಳಿಯಂದಿರು ನಕ್ಕು ಈ ಮಾತನ್ನು ಅಲ್ಲಿಯವನಿಗೆ ತಿಳಿಸಿದರು. ಅವನು ನಗಲಿಲ್ಲ. "ಅಮ್ಮನವರು ಹೇಳಿದುದೇ ನಿಜ, ಮಾಲ್ಟ್ ಎಂದರೆ ಇಷ್ಟೇ" ಎಂದು ಗೌರವದಿಂದ ತಲೆ ಬಾಗಿಸಿದನು.

ಕಾಳಿನೊಳಗಿನ ಹಿಟ್ಟು ಮೊಳಕೆಯೊಡೆದಾಗ ಸಿಹಿಯಾಗಲು ಸಿದ್ಧವಾಗುತ್ತದೆ. ಮೊಳಕೆ ಬೆಳೆದು ಗಿಡವಾಗಹೊರಡುವ ಮೊದಲೇ ಅದನ್ನು ಕಾವಿನಲ್ಲಿ ಒಣಗಿಸಿ ತಡೆಯಬೇಕು. ಆಮೇಲೆ ನುಚ್ಚಿನಂತೆ ಒಡೆದು, ಬಿಸಿನೀರಿನಲ್ಲಿ ಕಲಸಿ, ಸಿಹಿನೀರನ್ನು ಬಸಿದುಕೊಳ್ಳುವರು. ಅದಕ್ಕೆ ಯೀಸ್ಟ್ ಎಂಬ ಹುದುಗನ್ನು ಹಾಕಿದರೆ ಎರಡು ಮೂರು ದಿನಗಳಲ್ಲಿ ಅದು ನೊರೆಯೆದ್ದು ಹುಳಿತು ನೂರಕ್ಕೆ ಎಂಟರಷ್ಟು ಮದ್ಯಸಾರವುಳ್ಳ ಪಾನವಾಗುವುದು. ಅದನ್ನು ತಾಮ್ರದ ಹಂಡೆಗಳಲ್ಲಿ ಕಾಯಿಸಿ ಎರಡು ಸಲ ಬಟ್ಟಿ ಇಳಿಸುವರು. ಎರಡನೆಯ ಸಲ ಮೊದಲು ಬರುವ ಉಗ್ರವಾದ ಭಾಗವನ್ನೂ, ಕೊನೆಗೆ ಬರುವ ಜಡವಾದ ಭಾಗವನ್ನೂ ಬೇರೆ ತೆಗೆದು, ನಡುವಿನದನ್ನು ಮಾತ್ರ ಉಳಿಸಿಕೊಳ್ಳುವುದುಂಟು. ತಲೆಯನ್ನೂ ಬಾಲವನ್ನೂ ಬಿಟ್ಟು ನಡುವನ್ನು ಹಿಡಿಯುವ ಈ ವಿವೇಕವೇ ಆ ಕೆಲಸಗಾರನ ವಿದ್ಯೆ. ಹೀಗೆ ಮೊಳಕೆಯ ಜವೆಗೋಧಿಯೊಂದರಿಂದಲೇ, ಒಂದೇ ಭಟ್ಟಿಮನೆಯಲ್ಲಿ ತಯಾರಾದುದಕ್ಕೆ ಸಿಂಗಲ್ ಮಾಲ್ಟ್ ಎಂದು ಹೆಸರು. ಹಲವು ಮನೆಗಳ ಮಾಲ್ಟನ್ನು ಬೇರೆ ಧಾನ್ಯದ ವಿಸ್ಕಿಯೊಡನೆ ಬೆರಸಿದರೆ ಅದು ಮಿಶ್ರಣ. ನಮ್ಮ ವಾಚಕಿಯರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಒಂದೇ ತೋಟದ ಕಾಫಿ ಬೀಜಕ್ಕೂ, ನಾಲ್ಕು ತೋಟದ ಬೀಜಕ್ಕೆ ಚಿಕೋರಿ ಬೆರಸಿದ ಅಂಗಡಿಯ ಪುಡಿಗೂ ಇರುವಷ್ಟೇ ಅಂತರ. ಎರಡೂ ಕಾಫಿಯೇ, ಆದರೆ ಮೊದಲನೆಯದರಲ್ಲಿ ಆ ತೋಟದ ಗುರುತು ಉಳಿದಿರುತ್ತದೆ.

ಇಷ್ಟನ್ನು ನೋಡಿದಾಗ ನಮಗೆ ಹುಟ್ಟಿದುದು ತಿಳಿವಳಿಕೆ ಮಾತ್ರ. ಮನಸ್ಸು ಸೋತುದು ಉಗ್ರಾಣದಲ್ಲಿ. ಕಲ್ಲಿನ ಗೋಡೆ, ಮಣ್ಣಿನ ನೆಲ, ಮಂದವಾದ ಬೆಳಕು. ಅಲ್ಲಿ ಓಕ್ ಮರದ ಪೀಪಾಯಿಗಳನ್ನು ಮೂರು ಸಾಲಾಗಿ ಒಂದರ ಮೇಲೊಂದು ಮಲಗಿಸಿದ್ದರು. ಹಣ್ಣು, ಹಸಿ ಮರ, ಹಳೆಯ ಬೆಲ್ಲದ ಗಡಿಗೆ, ಒದ್ದೆ ಮಣ್ಣು ಎಲ್ಲವೂ ಸೇರಿದ ಒಂದು ಘಮ. ಹಂಡೆಯಿಂದ ಇಳಿದಾಗ ಈ ದ್ರವಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವನ್ನೂ ರುಚಿಯ ಬಹುಭಾಗವನ್ನೂ ಮರವೇ ಕೊಡುವುದು. ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ, ಅದೂ ಸ್ಕಾಟ್ಲೆಂಡಿನ ನೆಲದಲ್ಲಿಯೇ, ಮಾಗಿದ ಹೊರತು ಅದನ್ನು ಸ್ಕಾಚ್ ವಿಸ್ಕಿಯೆಂದು ಕರೆಯಕೂಡದೆಂಬುದು ಅಲ್ಲಿಯ ಕಾನೂನು. ಒಳ್ಳೆಯದೆನಿಸಿಕೊಂಡುದು ಹತ್ತು, ಹನ್ನೆರಡು, ಹದಿನೆಂಟು ವರ್ಷ ಕಾಯುತ್ತದೆ. ಆ ಅವಧಿಯಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಎರಡರಷ್ಟು ಪೀಪಾಯಿಯ ಮರದ ಮೂಲಕವೇ ಆವಿಯಾಗಿ ಹೋಗುತ್ತದೆ. ಆ ಜನ ಇದಕ್ಕೆ ದುಃಖಪಡದೆ "ದೇವದೂತರ ಪಾಲು" ಎಂದು ಹೆಸರಿಟ್ಟಿದ್ದಾರೆ.

ಒಂದು ಪೀಪಾಯಿಯ ಮೇಲೆ 1998 ಎಂದು ಬರೆದಿತ್ತು. ನಮ್ಮ ಮಗಳು ಹೈಸ್ಕೂಲಿಗೆ ಸೇರಿದ ವರ್ಷ ಅದು. ಅದನ್ನು ತುಂಬಿದವನು ನಮ್ಮಂತೆಯೇ ನಿವೃತ್ತನಾಗಿರಬಹುದು. ತಾನು ತುಂಬಿದುದನ್ನು ತಾನೇ ಸವಿಯುವೆನೆಂಬ ಭರವಸೆಯಿಲ್ಲದೆಯೂ ಅವನು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಹೋಗಿದ್ದನು. ಮೂವತ್ತೈದು ವರ್ಷ ಕಡತಗಳ ನಡುವೆ ಕಳೆದು, "ನಾವು ಮಾಡಿದುದರಲ್ಲಿ ಉಳಿದುದೇನು" ಎಂದು ಆಗಾಗ ಕೊರಗುತ್ತಿದ್ದ ನಮಗೆ ಆ ಅಂಕಿಯ ಮುಂದೆ ಏನೋ ಸಮಾಧಾನವಾಯಿತು. ಕುಡಿಯುವುದಕ್ಕೆ ಮೊದಲೇ ನಮಗೆ ಈ ವಸ್ತುವಿನ ಮೇಲೆ ಗೌರವ ಹುಟ್ಟಿತು.

ಕೊನೆಯಲ್ಲಿ ಒಂದೊಂದು ಗುಟುಕನ್ನು ಗಾಜಿನ ಬಟ್ಟಲಿನಲ್ಲಿ ಕೊಟ್ಟರು. ನಮ್ಮಾಕೆ ಕೈಮುಗಿದು ಬೇಡವೆಂದಳು. ಅಳಿಯಂದಿರು ಗಾಡಿ ನಡೆಸಬೇಕಾಗಿತ್ತು. ಆದಕಾರಣ ಅವರ ಪಾಲನ್ನು ಪುಟ್ಟ ಸೀಸೆಯೊಳಗೆ ಹಾಕಿ ಮುಚ್ಚಳ ಬಿಗಿದು ಕೈಗೆ ಕೊಟ್ಟರು. ಆ ದೇಶದಲ್ಲಿ ಗಾಡಿ ನಡೆಸುವವರ ಪಾನದ ಮಿತಿಯನ್ನು 2014ರ ಡಿಸೆಂಬರಿನಿಂದ ಇನ್ನೂ ಇಳಿಸಿದ್ದಾರೆ. ನಮಗೆ ಅಲ್ಲಿಯವನು ಹೇಳಿಕೊಟ್ಟುದಿಷ್ಟು: ಮೊದಲು ಮೂಸಬೇಕು, ಬಳಿಕ ನಾಲ್ಕು ಹನಿ ನೀರು ಬೆರಸಿ ಮತ್ತೆ ಮೂಸಬೇಕು, ತುಟಿಗೆ ತರುವುದು ಎಲ್ಲಕ್ಕೂ ಕಡೆಯಲ್ಲಿ. ನೀರು ಬಿದ್ದೊಡನೆ ಘಮ ಅರಳಿದುದನ್ನು ನಾವೇ ಕಂಡೆವು. ಹೊಗೆಯ ಕಂಪನ್ನು ಕೊಡುವ ಒಂದು ಪದಾರ್ಥವು ನೀರು ಬೆರೆತಾಗ ದ್ರವದ ಮೇಲ್ಭಾಗಕ್ಕೆ ಬಂದು ನಿಲ್ಲುತ್ತದೆಂದು ಸ್ವೀಡನ್ ದೇಶದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಲೆಕ್ಕಹಾಕಿ ತೋರಿಸಿದರು. ಅದನ್ನು ಓದಿದಾಗ ನಮಗೆ ಆ ಮಳೆಯ ದಿನದ ಗುರುವಿನ ನೆನಪಾಯಿತು.

ಊರಿಗೆ ಮರಳುವಾಗ ಪೆಟ್ಟಿಗೆಯಲ್ಲಿ ಒಂದು ಸೀಸೆ ಇದ್ದಿತು. ನಮ್ಮಾಕೆ ಅಡ್ಡಿ ಹೇಳಲಿಲ್ಲ, ಒಪ್ಪಲೂ ಇಲ್ಲ. ಅವಳ ಮೌನಕ್ಕೆ ಕಾರಣವಿತ್ತು. ಮಂಡ್ಯದ ಕಡೆಯ ಅವಳ ತೌರಿನಲ್ಲಿ ಚಿಕ್ಕಪ್ಪನೊಬ್ಬನು ಸಾರಾಯಿಗೆ ಬಿದ್ದು, ಎರಡು ಎಕರೆ ಗದ್ದೆಯನ್ನು ಮಾರಿ, ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದನು. ಚಿಕ್ಕಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಹೋದುದನ್ನು ಇವಳು ಕಣ್ಣಾರೆ ಕಂಡಿದ್ದಳು. ನಮ್ಮ ರಾಜ್ಯದಲ್ಲಿ 2007ರ ಜುಲೈ ತಿಂಗಳಿಂದ ಸಾರಾಯಿಯನ್ನು ನಿಷೇಧಿಸಿದಾಗ ಆ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಅಂಥ ಮನೆಯ ಮಗಳ ಮುಂದೆ ನಾವು ಜವೆಗೋಧಿಯ ಮಹಿಮೆಯನ್ನು ಬಣ್ಣಿಸುವುದು ಸಲ್ಲದು.

ಮೂರನೆಯ ದಿನ ಅವಳೇ ಮಾತೆತ್ತಿದಳು. "ನೀವು ಕುಡುಕರಾಗುತ್ತೀರಿ ಎಂದು ನಾನು ಹೇಳುವುದಿಲ್ಲ. ನಮ್ಮ ಚಿಕ್ಕಪ್ಪನಿಗೂ ಯಾರೂ ಹಾಗೆ ಹೇಳಿರಲಿಲ್ಲ. ನಾಲ್ಕು ಮಾತಿಗೆ ಒಪ್ಪಿದರೆ ಸೀಸೆ ಈ ಮನೆಯಲ್ಲಿರಲಿ."

ಆ ನಾಲ್ಕು ಕಟ್ಟಳೆಗಳು ಇವು. ಸೀಸೆಯು ಬೀರುವಿನೊಳಗೆ ಅಡಗಿರಕೂಡದು. ನಡುಮನೆಯ ಪುಸ್ತಕದ ಗೂಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ವಾರಕ್ಕೆ ಒಂದೇ ದಿನ, ಒಂದೇ ಅಳತೆ. ಅಳತೆಗೆ ಮಗುವಿನ ಔಷಧದ ಲೋಟ. ಒಬ್ಬರೇ ಕುಳಿತು ಕುಡಿಯಬಾರದು. ನಾಲ್ಕನೆಯದು: ಕೋಪ ಬಂದ ದಿನವೂ, ದುಃಖವಾದ ದಿನವೂ ಅದರ ಮುಚ್ಚಳವನ್ನು ತೆರೆಯಕೂಡದು. ಮೊದಲ ಮೂರು ನಮಗೆ ಸುಲಭವಾಗಿ ಕಂಡುವು. ನಾಲ್ಕನೆಯದರ ಅರ್ಥ ಆಗ ನಮಗೆ ಪೂರ್ತಿಯಾಗಿ ಆಗಲಿಲ್ಲ.

ಲೆಕ್ಕದ ಮಾತನ್ನು ಗೃಹಸ್ಥರಿಗೆ ಹೇಳಬೇಕಲ್ಲವೆ? ನಮ್ಮ ದೇಶದ ಸೀಸೆ 750 ಮಿಲಿಲೀಟರಿನದು. ಅಳತೆಯೊಂದಕ್ಕೆ 30ರಂತೆ ಇಪ್ಪತ್ತೈದು ಅಳತೆಗಳು. ಜತೆಗೆ ಸ್ನೇಹಿತರೊಬ್ಬರಿದ್ದರೆ ಒಂದು ಸೀಸೆ ಮೂರು ತಿಂಗಳು ಬರುತ್ತದೆ. ಬೆಲೆಯೇನೋ ಕಡಮೆಯಲ್ಲ; ಆದರೆ ಸಿಗರೇಟನ್ನು ಬಿಟ್ಟ ಹಣದಲ್ಲಿ ಅದು ನಡೆದುಹೋಗುತ್ತಿತ್ತು. ಕಡಮೆ ಸಿಕ್ಕಿದಷ್ಟೂ ರುಚಿ ಹೆಚ್ಚಿತೆಂಬುದು ನಮ್ಮ ಅನುಭವ. ಶನಿವಾರದ ಒಂದು ಅಳತೆಗೆ ಒಂದು ಗಂಟೆ ಹಿಡಿಯುತ್ತಿತ್ತು. ಅದರಲ್ಲಿ ಮುಕ್ಕಾಲು ಪಾಲು ಮೂಸುವುದೇ ಆಗಿತ್ತು. ಒಂದೊಂದು ಕಂಪಿಗೂ ನಾವು ಹೆಸರು ಹುಡುಕುತ್ತಿದ್ದೆವು. ಇಂಗ್ಲಿಷ್ ಪುಸ್ತಕಗಳಲ್ಲಿ ಹೇಳುವ ಹೀದರ್ ಹೂವಾಗಲಿ ಶೆರ್ರಿಯ ದ್ರಾಕ್ಷಿಯಾಗಲಿ ನಮ್ಮ ಮೂಗಿಗೆ ಗೊತ್ತಿಲ್ಲ. ನಮಗೆ ತಿಳಿದುದು ಒಣದ್ರಾಕ್ಷಿ, ಹಲಸಿನ ತೊಳೆ, ಆಲೆಮನೆಯ ಬೆಲ್ಲದ ಪಾಕ, ಏಲಕ್ಕಿಯ ಸಿಪ್ಪೆ. ಕುಡಿಯದ ನಮ್ಮಾಕೆಯ ಮೂಗು ನಮ್ಮದಕ್ಕಿಂತ ಚುರುಕು. "ಕೊಡಿ ಇಲ್ಲಿ" ಎಂದು ಬಟ್ಟಲನ್ನು ತೆಗೆದುಕೊಂಡು ದೂರದಿಂದ ಮೂಸಿ, "ಇದು ಜೇನು ಅಲ್ಲ, ಬಾಳೆಹಣ್ಣಿನ ರಸಾಯನ" ಎಂದು ತೀರ್ಪು ಕೊಟ್ಟು ಒಳಗೆ ಹೋಗಿಬಿಡುವಳು. ಅವಳು ಹೇಳಿದ ಮೇಲೆ ನಮಗೂ ಬಾಳೆಹಣ್ಣೇ ತೋರುವುದು.

ಶನಿವಾರಗಳಲ್ಲಿ ನಮ್ಮೊಡನೆ ಕೂಡುತ್ತಿದ್ದವರು ನಮ್ಮ ಕಚೇರಿಯ ಹಳೆಯ ಸ್ನೇಹಿತರು. ಅವರಿಗೆ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ಮಾಲ್ಟು ಪ್ರಿಯ. ಆ ದ್ವೀಪದಲ್ಲಿ ಮರ ಕಡಮೆ. ಜೌಗುನೆಲದಲ್ಲಿ ಪಾಚಿಯೂ ಹುಲ್ಲೂ ಕೊಳೆತು ಗಟ್ಟಿಯಾದ ಪೀಟ್ ಎಂಬ ಕಪ್ಪು ಮಣ್ಣೇ ಹಿಂದೆ ಅಲ್ಲಿಯವರ ಸೌದೆ. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಒಂದು ಮೀಟರು ಆಳಕ್ಕೆ ಅಗೆದರೆ ಸಾವಿರ ವರ್ಷ ಹಳೆಯದು ಕೈಗೆ ಬರುತ್ತದೆ. ಮೊಳಕೆಯನ್ನು ಅದರ ಹೊಗೆಯಲ್ಲಿ ಒಣಗಿಸುವುದರಿಂದ ಲಫ್ರೋಯ್ಗ್, ಆರ್ಡ್‌ಬೆಗ್ ಮೊದಲಾದ ಆ ಕಡೆಯ ಮಾಲ್ಟಿಗೆ ಟಿಂಕ್ಚರ್ ಅಯೋಡಿನ್ನಿನ ವಾಸನೆ ಬರುವುದು. ನಮಗೆ ಮೊದಲು ಆಸ್ಪತ್ರೆಯ ಬಾಗಿಲಲ್ಲಿ ನಿಂತಂತಾಯಿತು. "ಸ್ವಲ್ಪ ತಾಳಿರಿ, ಸ್ವಾಮಿ, ಹಾಗಲಕಾಯಿಯನ್ನು ಮೊದಲ ದಿನವೇ ಮೆಚ್ಚಿದವರುಂಟೆ?" ಎಂದು ಅವರು ನಗುತ್ತಿದ್ದರು. ಆರು ತಿಂಗಳ ಮೇಲೆ ಆ ಹೊಗೆಯ ಹಿಂದಿನ ಸಿಹಿ ನಮಗೂ ತಿಳಿಯಿತು.

ಇದರ ಇತಿಹಾಸವನ್ನು ಓದುವ ಹುಚ್ಚೂ ಅವರಿಂದಲೇ ಹತ್ತಿತು. ಸ್ಕಾಟ್ಲೆಂಡಿನ ರಾಜಭಂಡಾರದ 1494ರ ಲೆಕ್ಕದಲ್ಲಿ, ಜಾನ್ ಕೋರ್ ಎಂಬ ಸಂನ್ಯಾಸಿಗೆ ಜೀವಜಲವನ್ನು ಮಾಡಲು ಎಂಟು ಬೋಲ್ ಮಾಲ್ಟನ್ನು ಕೊಟ್ಟಂತೆ ಬರೆದಿದೆ. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಜೀವಜಲವೆಂದರೆ ಉಷ್ಕ ಬಾಹ. ವಿಸ್ಕಿಯೆಂಬ ಹೆಸರು ಅದರಿಂದಲೇ ಸವೆದು ಬಂದುದು. ಬಹುಕಾಲ ಅದು ಕಳ್ಳಭಟ್ಟಿಯ ಕಸುಬಾಗಿತ್ತು. 1823ರ ಕಾನೂನು ಸುಂಕವನ್ನು ಇಳಿಸಿದ ಮೇಲೆ, 1824ರಲ್ಲಿ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಎಂಬಾತನು ಪರವಾನಗಿ ಪಡೆದು ಬಹಿರಂಗವಾಗಿ ಭಟ್ಟಿ ನಡೆಸಿದನು. 1830ರಲ್ಲಿ ಏನಿಯಸ್ ಕಾಫಿ ಎಂಬವನು ಎಡೆಬಿಡದೆ ಮದ್ಯಸಾರ ಇಳಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಮಿಶ್ರಣದ ಕಾಲ ಬಂದಿತು; ಮಾಲ್ಟು ಮಿಶ್ರಣಕ್ಕೆ ಒಗ್ಗರಣೆಯಾಯಿತು. 1963ರಲ್ಲಿ ಡಫ್‌ಟೌನಿನ ಗ್ಲೆನ್‌ಫಿಡಿಕ್ ಮನೆಯವರು ತಮ್ಮ ಸಿಂಗಲ್ ಮಾಲ್ಟನ್ನು ಅದರ ಹೆಸರಿನಲ್ಲಿಯೇ ಹೊರದೇಶಗಳಲ್ಲಿ ಪ್ರಚಾರ ಮಾಡತೊಡಗಿದರು. ಇಂದಿಗೂ ಮಾರಾಟವಾಗುವ ಸ್ಕಾಚಿನಲ್ಲಿ ಹೆಚ್ಚಿನ ಪಾಲು ಮಿಶ್ರಣವೇ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಸ್ಥಾನವುಂಟೆಂದು ತಿಳಿದಾಗ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ. 1948ರಲ್ಲಿ ಇಲ್ಲಿ ಸ್ಥಾಪಿತವಾದ ಅಮೃತ್ ಸಂಸ್ಥೆಯವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದುದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ! ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವುದೆಂದರೆ ಇದೇ. ಆ ಸೂಜಿ ಮಾರಾಟವೂ ಆಯಿತು. ಅವರ ಫ್ಯೂಷನ್ ಎಂಬ ಮಾಲ್ಟನ್ನು ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕರು ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಜಗತ್ತಿನ ಮೂರನೆಯ ಉತ್ತಮ ವಿಸ್ಕಿಯೆಂದು ಎಣಿಸಿದರು. ಬೆಂಗಳೂರಿನ ಸೆಖೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಹತ್ತಕ್ಕೂ ಮಿಗಿಲಾಗಿ ಆವಿಯಾಗುವುದುಂಟು. ಆದುದರಿಂದ ಇಲ್ಲಿ ನಾಲ್ಕೈದು ವರ್ಷಕ್ಕೇ ಅದು ಮಾಗುತ್ತದೆ, ಹೆಚ್ಚು ಕಾದರೆ ಪೀಪಾಯಿಯೇ ಬರಿದಾದೀತು. ಎಂಟು ವರ್ಷ ಕಾದುದಕ್ಕೆ ಅವರು "ದುರಾಸೆಯ ದೇವದೂತರು" ಎಂಬ ಅರ್ಥದ ಹೆಸರನ್ನಿಟ್ಟರು. ಕಾಯುವುದಕ್ಕೂ ನೆಲನೆಲಕ್ಕೆ ಬೇರೆಬೇರೆ ಮಿತಿಯುಂಟೆಂಬುದನ್ನು ನಾವು ಅದರಿಂದ ಕಲಿತೆವು.

2021ರ ಮೇ ತಿಂಗಳಲ್ಲಿ ನಮ್ಮ ಆ ಸ್ನೇಹಿತರು ಸಾಂಕ್ರಾಮಿಕಕ್ಕೆ ತುತ್ತಾಗಿ ತೀರಿಕೊಂಡರು. ಮುಖ ನೋಡುವುದಕ್ಕೂ ಆಗಲಿಲ್ಲ. ಸುದ್ದಿ ಬಂದ ಸಂಜೆ ಶನಿವಾರವೇ ಆಗಿತ್ತು. ಗೂಡಿನಲ್ಲಿ ಅವರಿಗೆ ಪ್ರಿಯವಾದ ಐಲಾ ಸೀಸೆ ಅರ್ಧದಷ್ಟು ಉಳಿದಿತ್ತು. ಅದುವರೆಗೆ ಅದರ ಘಮವನ್ನು ಬಯಸಿದ್ದ ನಮ್ಮ ಮನಸ್ಸು ಅಂದು ಘಮವನ್ನು ಬಯಸಲಿಲ್ಲ, ಮರವೆಯನ್ನು ಬಯಸಿತು. ಒಂದು ಅಳತೆಯಲ್ಲ, ಸೀಸೆಯೇ ಬೇಕೆಂದು ಬಯಸಿತು. ಕೈ ಗೂಡಿನತ್ತ ಹೋಗಹೊರಟಿತು. ಆಗ ನಾಲ್ಕನೆಯ ಕಟ್ಟಳೆಯ ಅರ್ಥ ನಮಗೆ ಹೊಳೆಯಿತು. ಚಿಕ್ಕಪ್ಪನು ದಾಟಿದ ಗೆರೆ ಇದೇ ಇರಬೇಕು. ರುಚಿಗಾಗಿ ಹೋಗುವವನು ಅದನ್ನು ತಲೆಯೆತ್ತಿ ನೋಡುತ್ತಾನೆ. ನೋವಿನಿಂದ ಓಡಿಹೋಗುವವನು ಅದರೊಳಕ್ಕೆ ತಲೆಯನ್ನು ಹುದುಗಿಸುತ್ತಾನೆ. ಸೀಸೆ ಅದೇ, ಗಿರಾಕಿ ಬೇರೆ.

ನಾವು ಎದ್ದು ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತೆವು. ನಮ್ಮಾಕೆ ಏನನ್ನೂ ಕೇಳಲಿಲ್ಲ. ಕಾಫಿ ಬೆರಸಿ ತಂದು ಪಕ್ಕದಲ್ಲಿಟ್ಟು, ತಾನೂ ಕುಳಿತಳು. ಬಹಳ ಹೊತ್ತಿನ ಮೇಲೆ, "ಅವರು ಹಾಗಲಕಾಯಿಯ ಮಾತು ಹೇಳುತ್ತಿದ್ದುದು ನೆನಪಿದೆಯೆ?" ಎಂದಳು. ಅಂದು ನಾವು ಅತ್ತೆವು. ಕುಡಿದಿದ್ದರೆ ಅಳು ಬರುತ್ತಿರಲಿಲ್ಲವೇನೋ. ಬಂದಿದ್ದರೂ ಅದು ನಮ್ಮದಾಗಿರುತ್ತಿರಲಿಲ್ಲ.

ಎರಡು ತಿಂಗಳ ಬಳಿಕ, ದುಃಖ ಸ್ವಲ್ಪ ತಿಳಿಯಾದ ಮೇಲೆ, ಸ್ನೇಹಿತರ ಮಗನು ಮನೆಗೆ ಬಂದನು. ಅವನೊಡನೆ ಕುಳಿತು ಆ ಸೀಸೆಯಿಂದ ಒಂದೊಂದು ಅಳತೆಯನ್ನು ತೆಗೆದುಕೊಂಡೆವು. ಅಪ್ಪನ ಮಾತುಗಳನ್ನು ಹೇಳಿ ನಕ್ಕೆವು. ಹೊಗೆಯ ಹಿಂದಿನ ಸಿಹಿ ಅಂದಿನಷ್ಟು ಸ್ಪಷ್ಟವಾಗಿ ನಮಗೆ ಹಿಂದೆಂದೂ ತೋರಿರಲಿಲ್ಲ.

ಮದ್ಯವು ಎಷ್ಟೇ ಅಲ್ಪವಾದರೂ ಆರೋಗ್ಯಕ್ಕೆ ನಿರಪಾಯವೆನ್ನುವಂತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು. ನಮ್ಮಾಕೆ ಆ ವಾರ್ತೆಯನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಿದಳು. ನಮ್ಮ ಬಳಿ ಪ್ರತ್ಯುತ್ತರವಿರಲಿಲ್ಲ. ವಾರಕ್ಕೊಂದಿದ್ದ ಅಳತೆ ಅಂದಿನಿಂದ ತಿಂಗಳಿಗೆರಡಾಯಿತು. ಆದುದರಿಂದ ಈ ಬರಹವನ್ನೋದಿ ಯಾರೂ ಹೊಸದಾಗಿ ಸೀಸೆ ಕೊಳ್ಳಹೋಗಬಾರದೆಂದು ಬೇಡುತ್ತೇವೆ. ಈಗಾಗಲೇ ಮನೆಯಲ್ಲಿ ಸೀಸೆ ಇರುವವರಿಗೆ ಮಾತ್ರ ನಮ್ಮದೊಂದು ಮಾತು. ಅದನ್ನು ನಡುಮನೆಯಲ್ಲಿ ಇಡಲು ನಿಮಗೆ ಸಂಕೋಚವಾಗುವುದಾದರೆ, ಅದು ಮನೆಯಲ್ಲಿ ಇರತಕ್ಕದ್ದಲ್ಲ. ಮನಸ್ಸು ಭಾರವಾದ ದಿನ ಅದರ ಬಳಿಗೆ ಹೋಗದೆ ಮನೆಯವರ ಬಳಿಗೆ ಹೋಗುವ ಶಕ್ತಿ ನಿಮ್ಮಲ್ಲಿದ್ದರೆ, ಹನ್ನೆರಡು ವರ್ಷ ಕತ್ತಲೆಯಲ್ಲಿ ಕಾದು ಬಂದ ಆ ಜವೆಗೋಧಿಗೆ ತಕ್ಕ ಮರ್ಯಾದೆ ನಿಮ್ಮ ಮನೆಯಲ್ಲಿ ಸಲ್ಲುತ್ತದೆ.